ಮಹಾರಾಜನ ಹಾಸಿಗೆ ಹಳತಾದಾಗ

1967ರಲ್ಲಿ ಬೆಂಗಳೂರಿನ ಆನೆಮರಿಯೊಂದು ವಿಮಾನವೇರಿ ಜಿನೀವಾಕ್ಕೆ ಹೋಯಿತು. ಅಲ್ಲಿಂದ ಲಾರಿಯಲ್ಲಿ ಸ್ಪೇನ್ ದೇಶದ ಕಡಲತೀರದ ಕಡಾಕೆಸ್ ಎಂಬ ಊರಿಗೆ ಅದರ ಪಯಣ ಸಾಗಿತು. ಅಲ್ಲಿ ಅದಕ್ಕಾಗಿ ಕಾದಿದ್ದವರು ಜಗದ್ವಿಖ್ಯಾತ ಚಿತ್ರಕಾರ ಸಾಲ್ವಡಾರ್ ಡಾಲಿ. ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆ ನೀಡಲು ಏರ್ ಇಂಡಿಯಾ ಅವರಿಂದ ಪಿಂಗಾಣಿಯ ಆ್ಯಷ್ ಟ್ರೇ ಒಂದನ್ನು ವಿನ್ಯಾಸ ಮಾಡಿಸಿತ್ತು. ಹಣದ ಬದಲು ಆನೆಮರಿ ಬೇಕೆಂದು ಡಾಲಿ ಕೇಳಿದರು, ಸಂಸ್ಥೆ ಕೊಟ್ಟಿತು. 1971ರಲ್ಲಿ 'ಎಂಪರರ್ ಅಶೋಕ' ಎಂಬ ಜಂಬೋ ಜೆಟ್ ಬಂದಾಗ ಅದರ ಕಿಟಕಿಗಳ ಸುತ್ತ ರಾಜಸ್ಥಾನದ ಝರೋಕಾಗಳ ಕಮಾನುಗಳನ್ನು ಬರೆಸಲಾಯಿತು. ಅತಿಥಿಯನ್ನು ಅರಸನಂತೆ ಕಾಣುವುದೇ ಮಹಾರಾಜನ ಮುದ್ರೆ ಹೊತ್ತ ಆ ಸಂಸ್ಥೆಯ ಹೆಗ್ಗಳಿಕೆಯಾಗಿತ್ತು.

ಅರ್ಧ ಶತಮಾನದ ನಂತರ ಅದೇ ಸಂಸ್ಥೆಯ ಮುಂಭಾಗದ ಕೋಣೆಯಲ್ಲಿ ಕೇಳಿಬರುತ್ತಿದ್ದ ಮಾತುಗಳೇ ಬೇರೆ: ಹಿಂದಕ್ಕೆ ಬಾಗದ ಆಸನ, ಬೆಳಗದ ಪರದೆ, ಸವೆದ ಹೊದಿಕೆ. 1953ರಲ್ಲಿ ರಾಷ್ಟ್ರೀಕರಣಗೊಂಡಿದ್ದ ಏರ್ ಇಂಡಿಯಾ 2022ರ ಜನವರಿ 27ರಂದು ಟಾಟಾ ಸಮೂಹಕ್ಕೆ ಮರಳಿದಾಗ, ಬಿಡಿಭಾಗಗಳಿಲ್ಲದೆ ಹಲವು ವಿಮಾನಗಳು ನೆಲದ ಮೇಲೇ ನಿಂತಿದ್ದವು. ಹಾರುತ್ತಿದ್ದ ದೊಡ್ಡ ವಿಮಾನಗಳ ಒಳಾಂಗಣ ಹತ್ತು ಹದಿನೈದು ವರ್ಷ ಹಿಂದಿನದು. ಇಂಥ ಹಳೆಯ ಬಿಸಿನೆಸ್ ಕ್ಲಾಸನ್ನು ಇಟ್ಟುಕೊಂಡು ಒಂದು ಸಂಸ್ಥೆ ಪೈಪೋಟಿಯಲ್ಲಿ ಉಳಿಯಬಲ್ಲದೆ?

ಉತ್ತರ ಹುಡುಕುವ ಮುನ್ನ ಬಿಸಿನೆಸ್ ಕ್ಲಾಸ್ ಹುಟ್ಟಿದ ಬಗೆಯನ್ನು ತಿಳಿಯಬೇಕು. ಮೊದಲು ವಿಮಾನಗಳಲ್ಲಿ ಇದ್ದದ್ದು ಮೊದಲ ದರ್ಜೆ ಮತ್ತು ಸಾಮಾನ್ಯ ದರ್ಜೆ ಮಾತ್ರ. 1970ರ ದಶಕದಲ್ಲಿ ರಿಯಾಯಿತಿ ಟಿಕೆಟುಗಳು ಹೆಚ್ಚಿದವು. ಕೊನೆಯ ಗಳಿಗೆಯಲ್ಲಿ ಪೂರ್ತಿ ದರ ತೆತ್ತು ಹೊರಡುವ ವ್ಯಾಪಾರಿಯೂ, ತಿಂಗಳುಗಳ ಮೊದಲೇ ಅಗ್ಗದ ಟಿಕೆಟು ಕೊಂಡ ಪ್ರವಾಸಿಯೂ ಅಕ್ಕಪಕ್ಕದಲ್ಲೇ ಕೂರುವಂತಾಯಿತು. ವ್ಯಾಪಾರಿಯ ಅಸಮಾಧಾನ ಸಹಜ. ಅವನಿಗಾಗಿ ಪರದೆ ಎಳೆದು ಬೇರೆ ಕೋಣೆ ಮಾಡಲಾಯಿತು. ಆಗ ಸಿಕ್ಕಿದ್ದು ಕೊಂಚ ಅಗಲದ ಆಸನ, ಕೊಂಚ ಒಳ್ಳೆಯ ಊಟ, ಅಷ್ಟೆ.

ನಿಜವಾದ ಕ್ರಾಂತಿಯಾದದ್ದು 2000ದಲ್ಲಿ. ಆ ವರ್ಷ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನ ಆಸನವನ್ನು ಪೂರ್ತಿ ಚಪ್ಪಟೆಯಾಗಿ ಮಲಗುವ ಹಾಸಿಗೆಯನ್ನಾಗಿ ಮಾಡಿತು. ಉಳಿದವರ ಒರಗುಕುರ್ಚಿಗಳು ರಾತ್ರಿ ಬೆಳಗಾಗುವುದರಲ್ಲಿ ಮುದಿಯಾದವು. ಮುಂದೆ ಎಲ್ಲರೂ ಹಾಸಿಗೆ ಹಾಕಿದಾಗ ಪೈಪೋಟಿ ಖಾಸಗಿತನದತ್ತ ಹೊರಳಿತು. 2017ರಲ್ಲಿ ಕತಾರ್ ಏರ್‌ವೇಸ್ ಆಸನಕ್ಕೆ ಸರಿಯುವ ಬಾಗಿಲನ್ನೇ ಇಟ್ಟು ಪುಟ್ಟ ಕೋಣೆ ಮಾಡಿತು. ವಿಮಾನದ ಆಸನಕ್ಕೆ ವಯಸ್ಸಾಗುವುದು ಸವೆತದಿಂದ ಮಾತ್ರವಲ್ಲ, ನೆರೆಯವನು ಹೊಸತು ತಂದಾಗಲೂ ಅದಕ್ಕೆ ವಯಸ್ಸಾಗುತ್ತದೆ.

2012ರಲ್ಲಿ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 787 ಡ್ರೀಮ್‌ಲೈನರ್‌ಗಳನ್ನೇ ನೋಡಿ. ಅವುಗಳ ಬಿಸಿನೆಸ್ ಆಸನಗಳೂ ಚಪ್ಪಟೆಯಾಗಿ ಮಲಗುವಂಥವೇ. ಆದರೆ ಸಾಲಿನಲ್ಲಿ ಎರಡೆರಡರಂತೆ ಆರು ಆಸನ. ಕಿಟಕಿ ಬದಿಯವರು ನಡುರಾತ್ರಿ ಎದ್ದರೆ ಪಕ್ಕದಲ್ಲಿ ಮಲಗಿರುವ ಅಪರಿಚಿತರ ಕಾಲು ದಾಟಬೇಕು. 777 ವಿಮಾನಗಳಲ್ಲಿ ಸಾಲಿಗೆ ಏಳು ಆಸನಗಳು, ನಡುವೆ ಸಿಕ್ಕಿಕೊಂಡವರ ಪಾಡು ಇನ್ನೂ ಕಷ್ಟ. ಇಂದಿನ ಹೊಸ ವ್ಯವಸ್ಥೆಯಲ್ಲಿ ಸಾಲಿಗೆ ನಾಲ್ಕೇ ಆಸನ, ಪ್ರತಿಯೊಬ್ಬರಿಗೂ ನೇರವಾಗಿ ನಡೆದಾರಿ. ಆ ಡ್ರೀಮ್‌ಲೈನರಿನ 256 ಆಸನಗಳಲ್ಲಿ ಬಿಸಿನೆಸ್ ಕ್ಲಾಸಿನವು 18, ಅಂದರೆ ನೂರಕ್ಕೆ ಏಳು. ಆದರೂ ದೂರದ ಹಾರಾಟದ ಲಾಭ ನಷ್ಟ ತೂಗುವುದು ಬಹುಮಟ್ಟಿಗೆ ಈ ಕೆಲವೇ ಆಸನಗಳ ಮೇಲೆ.

ಹಾಗಿದ್ದೂ ಹಳೆಯ ಆಸನ ಕೂಡಲೇ ಸೋಲುವುದಿಲ್ಲ ಎಂಬುದು ಸ್ವಾರಸ್ಯದ ಸಂಗತಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ 777 ವಿಮಾನವೊಂದು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮಾರ್ಗವಾಗಿ, ಸುಮಾರು 14 ಸಾವಿರ ಕಿಲೋಮೀಟರ್ ಕ್ರಮಿಸಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಕಂಪನಿಗಳಿಗೂ ಬೆಂಗಳೂರಿಗೂ ನಡುವೆ ಓಡಾಡುವವರಿಗೆ ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಹತ್ತುವ ಕಾಟ ತಪ್ಪಿತು. ನೇರ ಹಾರಾಟದ ಅನುಕೂಲ ಆಸನದ ಮುಪ್ಪನ್ನು ಮರೆಸುತ್ತದೆ. ಬ್ರಿಟಿಷ್ ಏರ್‌ವೇಸ್ ಕೂಡ 2000ದ ವಿನ್ಯಾಸದ ಮೂಲ ಏರ್ಪಾಡನ್ನೇ ನೆಚ್ಚಿಕೊಂಡು 2019ರವರೆಗೆ ಸಾಗಿತು. ಬಾಗಿಲುಳ್ಳ ಹೊಸ ಆಸನ ಬಂದದ್ದು ಆಮೇಲೆ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ವಿಮಾನ ಇಳಿಸಲು ಸಮಯ ಸಿಗುವುದೇ ದುರ್ಲಭ. ಅಲ್ಲಿ ಬೇರೂರಿದ್ದುದೇ ಅದರ ಬಲವಾಗಿತ್ತು.

ಆದರೆ ದಾರಿಯ ಈ ರಕ್ಷಣೆ ಶಾಶ್ವತವಲ್ಲ. 2022ರಲ್ಲಿ ರಷ್ಯಾದ ಆಕಾಶ ಅಮೆರಿಕದ ಸಂಸ್ಥೆಗಳಿಗೆ ಮುಚ್ಚಿದಾಗ ಏರ್ ಇಂಡಿಯಾಕ್ಕೆ ಅನುಕೂಲವಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿದಾಗ ಅದೇ ಸಂಸ್ಥೆಯ ದೂರದ ಹಾರಾಟಗಳು ಸುತ್ತುಬಳಸಿ ಸಾಗಬೇಕಾಯಿತು, ಕೆಲವು ಯುರೋಪಿನಲ್ಲಿ ಇಳಿದು ಇಂಧನ ತುಂಬಿಕೊಳ್ಳಬೇಕಾಯಿತು. ನೇರ ಹಾರಾಟ ಕೈತಪ್ಪಿದ ದಿನ ಪ್ರಯಾಣಿಕರ ಕಣ್ಣು ಮತ್ತೆ ಆಸನದ ಮೇಲೆ ಬೀಳುತ್ತದೆ.

ಹಾಗಾದರೆ ಬೇಗನೆ ಬದಲಾಯಿಸಬಾರದೇಕೆ? ವಿಮಾನದ ಆಸನ ಬಡಗಿಯಿಂದ ಮಾಡಿಸುವ ಕುರ್ಚಿಯಲ್ಲ. ಗುರುತ್ವಾಕರ್ಷಣೆಯ 16 ಪಟ್ಟು ಆಘಾತವನ್ನು ಅದು ತಾಳಬೇಕು. ಕುಳಿತವರ ತಲೆಗೆ ಮಾರಕ ಪೆಟ್ಟಾಗಬಾರದು. ಬೆಂಕಿ ಸುಲಭವಾಗಿ ಹರಡಬಾರದು. ಹೊಸ ವಿನ್ಯಾಸಕ್ಕೆ ಒಪ್ಪಿಗೆ ಸಿಗಲು ವರ್ಷಗಳೇ ಬೇಕು. ಕೋವಿಡ್ ನಂತರ ಆಸನ ತಯಾರಕರಲ್ಲಿ ಬೇಡಿಕೆಗಳ ಸರದಿ ಬೆಳೆಯಿತು. ಮೇಲಾಗಿ ಆಸನ ಬದಲಿಸುವಷ್ಟು ಕಾಲವೂ ವಿಮಾನ ದುಡಿಯದೆ ನಿಲ್ಲಬೇಕು. 2022ರ ಡಿಸೆಂಬರಿನಲ್ಲಿ ಏರ್ ಇಂಡಿಯಾ 40 ಕೋಟಿ ಡಾಲರ್ ವೆಚ್ಚದಲ್ಲಿ ತನ್ನ ಹಳೆಯ 40 ದೊಡ್ಡ ವಿಮಾನಗಳ ಒಳಾಂಗಣ ನವೀಕರಿಸುವುದಾಗಿ ಪ್ರಕಟಿಸಿತು. 2024ರ ಮಧ್ಯಭಾಗಕ್ಕೆ ಮೊದಲ ವಿಮಾನ ಸಿದ್ಧವಾಗಬೇಕಿತ್ತು. ಮೊದಲ ಡ್ರೀಮ್‌ಲೈನರ್ ಕ್ಯಾಲಿಫೋರ್ನಿಯಾದ ಕಾರ್ಯಾಗಾರಕ್ಕೆ ಹೊರಟದ್ದೇ 2025ರ ಜುಲೈನಲ್ಲಿ.

ನಡುವೆ ಬಂದ ಪರಿಹಾರಗಳಲ್ಲೂ ಒಂದು ಪಾಠವಿದೆ. 2024ರ ಜನವರಿ 22ರಂದು ಬೆಂಗಳೂರಿನಿಂದ ಮುಂಬೈಗೆ ಪ್ರಯಾಣಿಕರನ್ನು ಹೊತ್ತು ಹಾರಿದ ಏರ್‌ಬಸ್ ಎ350 ವಿಮಾನದಲ್ಲಿ ಬಾಗಿಲುಳ್ಳ 28 ಬಿಸಿನೆಸ್ ಕೋಣೆಗಳಿದ್ದವು. ಆ ಸರಣಿಯ ಮೊದಲ ವಿಮಾನಗಳು ಮೂಲತಃ ರಷ್ಯಾದ ಏರೋಫ್ಲೋಟ್‌ಗಾಗಿ ತಯಾರಾದವು. ಆನೆಮರಿ ಕೊಟ್ಟು ತನ್ನದೇ ಉಡುಗೊರೆ ಮಾಡಿಸಿದ್ದ ಸಂಸ್ಥೆ, ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಟ್ಟು ಮರ್ಯಾದೆ ಉಳಿಸಿಕೊಳ್ಳಬೇಕಾಯಿತು!

ಹಳತಾದರೂ ಸುಸ್ಥಿತಿಯಲ್ಲಿರುವ ಆಸನವನ್ನು ನೇರ ದಾರಿ, ಬಿಸಿ ಊಟ, ಆದರದ ಮಾತು ಕೆಲವು ವರ್ಷ ಕಾಪಾಡಬಲ್ಲವು. ಕೆಟ್ಟ ಆಸನವನ್ನು ಯಾವುದೂ ಕಾಪಾಡಲಾರದು. ಬಾಗಿಲಿಲ್ಲದ್ದನ್ನು ಪ್ರಯಾಣಿಕರು ಕ್ಷಮಿಸಿಯಾರು. ಲಕ್ಷಗಟ್ಟಲೆ ತೆತ್ತು ಹದಿನೇಳು ತಾಸು ನೆಟ್ಟಗೆ ಕೂರುವುದನ್ನು ಯಾರೂ ಕ್ಷಮಿಸರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಚಾಚಲು ಹಾಸಿಗೆ ತೆರೆದುಕೊಂಡರಲ್ಲವೇ ಆ ಮಾತಿಗೆ ಬೆಲೆ?