ಸಾವಿರ ಸುಳ್ಳಿನಲ್ಲಿ ಒಂದು ನನ್ನದು

2023ರ ಫೆಬ್ರುವರಿಯ ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹದಿನೈದು ನಿಮಿಷದ ಮೀಟಿಂಗ್ ಒಂದು ಬಂತು. ಮ್ಯಾನೇಜರ್ ಜೊತೆ ಎಚ್‌ಆರ್‌ನವರೂ ಕೂತಿದ್ದನ್ನು ಕಂಡಾಗಲೇ ವಿಷಯ ಅರ್ಥವಾಗಿತ್ತು. ಹನ್ನೊಂದೂಕಾಲಿಗೆ ನಾನು ನಿರುದ್ಯೋಗಿ. ಹನ್ನೆರಡಕ್ಕೆ ಲ್ಯಾಪ್‌ಟಾಪ್ ಲಾಕ್ ಆಯಿತು. ಆಗ ನನಗೆ 36 ವರ್ಷ. ಎಂಸಿಎ, ಹನ್ನೆರಡು ವರ್ಷದ ಅನುಭವ, ಪುಣೆಯ ವಾಕಡ್‌ನಲ್ಲಿ ಸಾಲ ಮಾಡಿ ಕೊಂಡ ಎರಡು ಬೆಡ್‌ರೂಮಿನ ಫ್ಲ್ಯಾಟ್. ಅದೇ ಭಾನುವಾರ ಸಂಜೆ ಮ್ಯಾಟ್ರಿಮನಿ ಸೈಟಿನಲ್ಲಿ ಪರಿಚಯವಾದ ಹುಡುಗಿಯನ್ನು ಮೊದಲ ಬಾರಿಗೆ ಭೇಟಿಯಾಗುವುದಿತ್ತು.

ಮೂವತ್ತೈದು ದಾಟಿದ ನಮ್ಮಂಥವರದು ಅರ್ಧ ಡೇಟಿಂಗ್, ಅರ್ಧ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟಿನ ಬದಲು ಪಾಸ್ತಾ, ಪಡಸಾಲೆಯ ಬದಲು ಕೆಫೆ. ಆದರೆ ಎದುರಿಗೆ ಕೂತವರ ಮನಸ್ಸಿನಲ್ಲಿರುವ ಪ್ರಶ್ನೆ ಹಳೆಯದೇ: ಹುಡುಗ ಏನು ಮಾಡ್ತಾನೆ? ಉದ್ಯೋಗಂ ಪುರುಷ ಲಕ್ಷಣಂ ಅಂತ ಕೇಳುತ್ತಲೇ ಬೆಳೆದವನು ನಾನು. ಕೆಲಸ ಹೋಯಿತೆಂದರೆ ಲಕ್ಷಣವೇ ಹೋದಂತೆ ಅನಿಸಿತು.

ಸುದ್ದಿ ತಿಳಿಸಿದ್ದು ಹುಬ್ಬಳ್ಳಿಯ ಸೋದರಮಾವನಿಗೆ ಮಾತ್ರ. ಮಾವ ಸಮಾಧಾನ ಹೇಳಿದ: "ಏ, ಎರಡು ತಿಂಗಳದಾಗ ಬ್ಯಾರೆ ಕೆಲಸ ಸಿಗತೈತಿ. ಅಲ್ಲೀ ಮಟಾ ಬಾಯಿ ಬಿಡಬ್ಯಾಡ. ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನು?" ನನಗೂ ಅದೇ ಬೇಕಾಗಿತ್ತು.

ಕೋರೆಗಾಂವ್ ಪಾರ್ಕಿನ ಒಂದು ಕೆಫೆಯಲ್ಲಿ ಭೇಟಿಯಾದೆವು. ಆಕೆ ಬೆಳಗಾವಿಯವಳು, ಪುಣೆಗೆ ಬಂದು ಎಂಟು ವರ್ಷ. ಮಾತು ಎಷ್ಟು ಸಲೀಸಾಗಿತ್ತೆಂದರೆ, ಮನೆಯಿಂದ ಹೊರಡುವಾಗ "ನೋಡೋಣ, ಹೇಳಿಬಿಡೋಣ" ಅಂದುಕೊಂಡಿದ್ದು ಬಾಯಿಗೆ ಬರಲೇ ಇಲ್ಲ. ಕೆಲಸ ಹೇಗಿದೆ ಎಂದು ಕೇಳಿದಾಗ "ರಿಲೀಸ್ ಇದೆ, ಬಹಳ ಬ್ಯುಸಿ" ಅಂದೆ. ಬಿಲ್ 1,700 ರೂಪಾಯಿ. ಆಕೆ ಅರ್ಧ ಕೊಡುತ್ತೇನೆಂದಾಗ ಕೈ ಅಡ್ಡ ಹಿಡಿದೆ. ಮಾರ್ಚ್‌ನಲ್ಲಿ ಮಲ್ಟಿಪ್ಲೆಕ್ಸ್‌ನಲ್ಲಿ ಸಿನಿಮಾ, ಊಟ. ಮೂರನೇ ಸಲ ಒಂದು ದೊಡ್ಡ ಹೋಟೆಲು, ಬಿಲ್ 4,200. ಅಲ್ಲಿ ಊಟದ ನಡುವೆ ಫೋನ್ ಬಂತು. "ಕ್ಲೈಂಟ್ ಕಾಲ್" ಅಂತ ಎದ್ದು ಹೊರಗೆ ಹೋದೆ. ಕರೆ ಮಾಡಿದ್ದು ಕ್ರೆಡಿಟ್ ಕಾರ್ಡಿನವರು.

ನನ್ನ ಲೆಕ್ಕ ಹೀಗಿತ್ತು. ಕಂಪನಿ ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿತ್ತು. ಮನೆಸಾಲದ ಕಂತು 38,000. ಊರಿಗೆ ಅಪ್ಪ ಅವ್ವನಿಗೆ 15,000. ಅವರಿಬ್ಬರ ಆರೋಗ್ಯ ವಿಮೆ ಇದ್ದದ್ದು ಕಂಪನಿಯ ಪಾಲಿಸಿಯಲ್ಲಿ. ಕೆಲಸದ ಜೊತೆ ಅದೂ ಹೋಯಿತು. ನಿರುದ್ಯೋಗಿಗೆ ನೆರವಾಗುವ ಯೋಜನೆಯೊಂದು ಇಎಸ್‌ಐನಲ್ಲಿದೆ, ಆದರೆ ಇಎಸ್‌ಐ ವ್ಯಾಪ್ತಿ ತಿಂಗಳಿಗೆ 21,000 ರೂಪಾಯಿ ಸಂಬಳದವರೆಗೆ ಮಾತ್ರ. ನಮ್ಮಂಥವರಿಗೆ ಉಳಿಯುವುದು ಪಿಎಫ್. ಆಗಿನ ನಿಯಮದಂತೆ ಕೆಲಸ ಹೋಗಿ ಒಂದು ತಿಂಗಳಾದ ಮೇಲೆ ಅದರಲ್ಲಿ ಶೇಕಡಾ 75 ತೆಗೆಯಬಹುದಿತ್ತು. ಮುದಿತನಕ್ಕೆಂದು ಇಟ್ಟ ದುಡ್ಡು ಎಂದು ಅದನ್ನು ಮುಟ್ಟದೆ, ತಿಂಗಳಿಗೆ ಶೇಕಡಾ 3.5ರಷ್ಟು ಬಡ್ಡಿ ಬೀಳುವ ಕಾರ್ಡನ್ನು ಉಜ್ಜುತ್ತಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಗೊತ್ತಿತ್ತು. ಹಾಸಿಗೆ ಚಿಕ್ಕದಾಗಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಅಷ್ಟೆ.

ನಾಲ್ಕನೇ ಭೇಟಿಗೆ ಜಾಗ ಆರಿಸಿದ್ದು ಆಕೆ. ಎಫ್‌ಸಿ ರೋಡಿನ ವೈಶಾಲಿ. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿದ ಹೋಟೆಲು ಅದು. ಪುಣೆಯ ಕನ್ನಡಿಗರಿಗೆ ಅದರ ಬಗ್ಗೆ ಹೇಳಬೇಕಾಗಿಲ್ಲ. ದೋಸೆ ಬಂತು. ಆಕೆ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿ ಕೇಳಿದಳು:

"ನಿಮ್ಮ ಕೆಲಸ ಹೋಗಿ ಎಷ್ಟ ದಿನ ಆತ್ರಿ?"

ನಡೆದದ್ದು ಇಷ್ಟು. ಕೆಲಸ ಹೋದ ವಾರವೇ ನಾನು ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್' ಹಾಕಿದ್ದೆ. ಫೋಟೊಗೆ ಹಸಿರು ಪಟ್ಟಿ ಬರುವ ಹಾಗೆ ಅಲ್ಲ, ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ. ಬಂಧುಗಳಿಗೆ, ಹಳೆಯ ಗೆಳೆಯರಿಗೆ ಗೊತ್ತಾಗಬಾರದು ಎನ್ನುವ ಜಾಣತನ. ಆಕೆ ಏನು ಕೆಲಸ ಮಾಡುತ್ತಾಳೆ ಎಂಬುದನ್ನು ಆ ಜಾಣ ಮರೆತೇಬಿಟ್ಟಿದ್ದ. ಒಂದು ಐಟಿ ಕಂಪನಿಯಲ್ಲಿ ನೇಮಕಾತಿ ವಿಭಾಗ. ಜಾವಾ ಅನುಭವಿಗಳನ್ನು ಹುಡುಕುತ್ತಿದ್ದಾಗ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು.

"ಎರಡನೇ ಸಲ ಭೇಟಿ ಆಗೂಕಿಂತ ಮೊದಲ ಗೊತ್ತಿತ್ತು. ನೀವ ಹೇಳ್ತೀರಿ ಅಂತ ಕಾಯ್ದೆ. ಕೆಲಸ ಹೋಗಿದ್ದು ನಿಮ್ಮ ತಪ್ಪಲ್ಲರಿ. ನಿಮಗಿಂತ ಶಾಣ್ಯಾ ಇದ್ದವರ ಬಯೋಡೇಟಾ ದಿನಾ ನನ್ನ ಮುಂದ ಬರ್ತಾವ. ಆದರ ಒಂದ ಮಾತು ಹೇಳ್ರಿ. ನಾಳೆ ಮದುವಿ ಆದಮ್ಯಾಲೆ ಇನ್ನೊಂದ ಸಲ ಕೆಲಸ ಹೋತು ಅಂತ ಇಟ್ಕೋರಿ. ನನಗ ಯಾವಾಗ ಹೇಳ್ತೀರಿ?"

ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಅಂದಳು: "ನಂದೂ ತಪ್ಪೈತಿ. ಆಫೀಸಿನ ಕೆಲಸದಾಗ ಕಂಡದ್ದನ್ನ ಮನಸಿನ್ಯಾಗ ಇಟ್ಕೊಂಡು ನಿಮ್ಮನ್ನ ಪರೀಕ್ಷಾ ಮಾಡಿದಂಗ ಆತು." ಬಿಲ್ಲನ್ನು ಆಕೆಯೇ ಕೊಟ್ಟಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

ಆಮೇಲೆ ಮೂರು ವಾರ ಮಾತಿಲ್ಲ. ಆ ರಾತ್ರಿ ಮಾವನ ಗಾದೆಯ ಬಗ್ಗೆ ಯೋಚಿಸಿದೆ. ಆ ಸಾವಿರ ಸುಳ್ಳು ಹೇಳುವವರು ಹಿರಿಯರು, ಬಾಳುವವರು ಬೇರೆಯವರು. ಅವಿಭಕ್ತ ಕುಟುಂಬದಲ್ಲಿ ಹುಡುಗನ ಕೆಲಸ ಹೋದರೂ ಹೊಲ ಇತ್ತು, ಅಣ್ಣ ತಮ್ಮಂದಿರಿದ್ದರು. ವಾಕಡ್‌ನ ಫ್ಲ್ಯಾಟಿನಲ್ಲಿ ಇರುವುದು ಇಬ್ಬರೇ. ಇಲ್ಲಿ ಒಬ್ಬರ ಸುಳ್ಳಿನ ಕಂತನ್ನು ಇನ್ನೊಬ್ಬರೇ ಕಟ್ಟಬೇಕು. ವಕೀಲ ಗೆಳೆಯನೊಬ್ಬ ಆಮೇಲೆ ಹೇಳಿದ: ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಮುಖ್ಯ ಸಂಗತಿಯೊಂದನ್ನು ಮರೆಮಾಚಿ ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡುವಂತೆ ಕೋರ್ಟಿಗೆ ಹೋಗಬಹುದು.

ಮೊದಲು ಊರಿಗೆ ಫೋನ್ ಮಾಡಿದೆ. ಅವ್ವ ಒಂದು ನಿಮಿಷ ಸುಮ್ಮನಿದ್ದು, "ಉಂಡಿ ಇಲ್ಲೊ?" ಅಂದಳು. "ಮುಂದಿನ ತಿಂಗಳಿಂದ ರೊಕ್ಕ ಕಳಸಬ್ಯಾಡ. ನಿಮ್ಮಪ್ಪನ ಪೆನ್ಶನ್ ಐತಿ." ಎರಡು ತಿಂಗಳು ನಾನು ಹೆದರಿದ್ದು ಈ ಎರಡು ಮಾತಿಗೆ!

ಆಮೇಲೆ ಮ್ಯಾಟ್ರಿಮನಿ ಪ್ರೊಫೈಲ್ ತಿದ್ದಿದೆ: "ಸದ್ಯ ಕೆಲಸದ ಹುಡುಕಾಟದಲ್ಲಿದ್ದೇನೆ." ವಾರಕ್ಕೆ ಐದಾರು ಬರುತ್ತಿದ್ದ ವಿಚಾರಣೆಗಳು ಪೂರ್ತಿ ನಿಂತವು. ಮಾತುಕತೆಯಲ್ಲಿದ್ದ ಎರಡು ಮನೆಯವರು ಜಾತಕ ಕೂಡಲಿಲ್ಲ ಎಂದರು. ಬೇಸರವಾಯಿತು, ಆದರೆ ಅವರನ್ನು ದೂರುವುದಿಲ್ಲ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ನಿಜಕ್ಕೂ ಬೆಲೆ ಇದೆ, ಆದರೆ ಅದನ್ನು ಒಂದೇ ಸಲ ಕಟ್ಟಿ ಮುಗಿಸಬಹುದು.

ಕೊನೆಗೆ ಆಕೆಗೆ ಒಂದು ಮೇಲ್ ಕಳಿಸಿದೆ. ಕೈಯಲ್ಲಿರುವ ಹಣ, ಮನೆಸಾಲ, ಕಾರ್ಡಿನ ಬಾಕಿ, ಪಿಎಫ್, ಎಷ್ಟು ತಿಂಗಳು ತಳ್ಳಬಹುದು, ಎಲ್ಲವನ್ನೂ ಬರೆದೆ. ಐಟಿ ಮನುಷ್ಯ, ಕ್ಷಮೆಯನ್ನೂ ಎಕ್ಸೆಲ್ ಶೀಟಿನಲ್ಲೇ ಕೇಳಿದೆ. ಮರುದಿನ ಉತ್ತರ ಬಂತು: "ಭಾನುವಾರ ಬೆಳಿಗ್ಗೆ ಆರಕ್ಕೆ ವೇತಾಳ ಟೇಕಡಿ. ರೊಕ್ಕ ತರಬ್ಯಾಡ್ರಿ."

ಪುಣೆ ನಗರದೊಳಗೆ ಎಲ್ಲಕ್ಕಿಂತ ಎತ್ತರದ ಗುಡ್ಡ ಅದು. ಟಿಕೆಟ್ ಇಲ್ಲ, ಮೆನು ಇಲ್ಲ. ಬೆಳಗಿನ ಜಾವ ನವಿಲು ಕೂಗುತ್ತವೆ. ಕೆಫೆಯಲ್ಲಿ ಇಂಟರ್‌ವ್ಯೂಗೆ ಕೂತ ಹಾಗೆ ಎದುರುಬದುರು ಕೂತಿರುತ್ತಿದ್ದೆವು, ಮಾತು ನಿಂತರೆ ಗಾಬರಿ. ಇಲ್ಲಿ ಪಕ್ಕಪಕ್ಕ ನಡೆಯುತ್ತಿದ್ದೆವು, ಸುಮ್ಮನಿದ್ದರೂ ನಡೆಯುತ್ತಿತ್ತು. ಇಳಿದ ಮೇಲೆ ಗಾಡಿಯ ಚಹಾ, ಒಂದು ಭಾನುವಾರ ನಂದು, ಒಂದು ಭಾನುವಾರ ಆಕೆಯದು. ನನ್ನ ಇಂಟರ್‌ವ್ಯೂ ಒಂದೊಂದೇ ಕೈತಪ್ಪಿದ್ದು ಆಕೆಗೆ ಅಂದೇ ಗೊತ್ತಾಗುತ್ತಿತ್ತು.

ಜುಲೈನಲ್ಲಿ ಬೆಳಗಾವಿಗೆ ಹೋದೆ. ಕೆಲಸ ಸಿಕ್ಕ ಮೇಲೆ ಹೋಗೋಣ ಎಂದರೆ ಆಕೆ ಕೇಳಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಅವರ ಅಪ್ಪ ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ, "ಸಾಲ ಎಷ್ಟೈತಿ?" ಹೇಳಿದೆ. "ಸುಳ್ಳ ಹೇಳಲಿಲ್ಲ, ಚಲೋ ಆತು. ಕೆಲಸ ಸಿಗಲಿ, ಮಾತಾಡೂಣು" ಅಂದರು. ಹೂಂ ಅಲ್ಲ, ಉಹೂಂ ಅಲ್ಲ. ಮಗಳ ತಂದೆಯಾಗಿ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಹೆಂಗಸರಿಗೆ ಈ ಕಷ್ಟ ಇಲ್ಲ ಎಂದುಕೊಳ್ಳಬೇಡಿ. ನನ್ನ ಜೊತೆ ಅದೇ ದಿನ ಕೆಲಸ ಕಳೆದುಕೊಂಡ ಸಹೋದ್ಯೋಗಿಗೆ ಮನೆಯವರು "ಒಳ್ಳೇದೇ ಆಯ್ತು, ಇನ್ನು ಮದುವೆ ಮಾಡ್ಕೊ" ಅಂದರು. ನೋಡಲು ಬಂದ ಹುಡುಗನ ಕಡೆಯವರು, ಫ್ಲ್ಯಾಟಿನ ಕಂತಿಗೆ ಇನ್ನೊಂದು ಸಂಬಳ ಬೇಕು ಎಂದು ಹಿಂದೆ ಸರಿದರು. ಒಂದೇ ಕೆಲಸ ಹೋದದ್ದಕ್ಕೆ ಎರಡು ಕಡೆಯಿಂದ ಪೆಟ್ಟು.

ನೀವು ಹೈದರಾಬಾದಿನಲ್ಲಿರಲಿ, ಚೆನ್ನೈಯಲ್ಲಿರಲಿ, ಈಗ ಇದೇ ಸ್ಥಿತಿಯಲ್ಲಿದ್ದರೆ ನನ್ನ ಅನುಭವದ ಮಾತು ಇಷ್ಟೆ. ಮೊದಲ ಭೇಟಿಯಲ್ಲೇ ಸಂಬಳದ ಚೀಟಿ ಬಿಚ್ಚಬೇಕಾಗಿಲ್ಲ. ಆದರೆ ಎರಡನೇ ಭೇಟಿಗೆ ಮುಂಚೆ ಕೆಲಸ ಹೋಗಿದೆ ಎಂದು ಹೇಳಿಬಿಡಿ. ಸಂಬಂಧ ಮುಂದುವರಿಯುವಂತೆ ಕಂಡರೆ ಸಾಲವನ್ನೂ ಹೇಳಿ. ನಿಮ್ಮ ಜೇಬಿಗೆ ಹಿಡಿಸುವ ಜಾಗಕ್ಕೆ ಕರೆಯಿರಿ. ಅರ್ಧ ಬಿಲ್ ಅವರು ಕೊಡುತ್ತೇನೆಂದರೆ ಕೊಡಲಿ ಬಿಡಿ.

ಸೆಪ್ಟೆಂಬರಿನಲ್ಲಿ ನನಗೆ ಕೆಲಸ ಸಿಕ್ಕಿತು, ಮೊದಲಿಗಿಂತ ಮೂರನೇ ಒಂದು ಭಾಗ ಕಡಿಮೆ ಸಂಬಳಕ್ಕೆ. 2024ರ ಮೇನಲ್ಲಿ ಬೆಳಗಾವಿಯಲ್ಲಿ ಮದುವೆಯಾಯಿತು. ಮಾವ ಮುಂದಿನ ಸಾಲಿನಲ್ಲಿ ಕೂತಿದ್ದ.

ಕಳೆದ ವರ್ಷ ಜುಲೈ, ಮಂಗಳವಾರ ಮಧ್ಯಾಹ್ನ ಆಕೆಯ ಫೋನ್ ಬಂತು. ಆಫೀಸಿನ ಪಾರ್ಕಿಂಗಿನಿಂದ. "ರೀ, ನಂದೂ ಹೋತು. ಈಗ ಐದು ನಿಮಿಷ ಆತು."

ಆ ಸಂಜೆ ಹಳೆಯ ಎಕ್ಸೆಲ್ ಶೀಟ್ ತೆರೆದು ಇಬ್ಬರೂ ಕೂತೆವು.