ಉನ್ನತ ತರಗತಿಯಲ್ಲಿ ಬೆಲೆಯ ಸಿದ್ಧಾಂತ

ಪದಾರ್ಥದ ಬೆಲೆ ಇಳಿದರೆ ಬೇಡಿಕೆ ಏರುತ್ತದೆ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಅರ್ಥಶಾಸ್ತ್ರ ಓದದವರಿಗೂ ತಿಳಿದ ಮಾತಿದು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ಗೊತ್ತು. ಬಿ.ಎ. ತರಗತಿಯಲ್ಲಿ ಇದಕ್ಕೆ ಒಂದು ಇಳಿಜಾರಿನ ಗೆರೆ ಬರೆದು, 'ಬೇಡಿಕೆಯ ನಿಯಮ' ಎಂದು ಹೆಸರಿಟ್ಟು, ಅಂಕ ಪಡೆದು ಮುಂದೆ ಹೋಗುತ್ತಾರೆ. ಅದೇ ವಿದ್ಯಾರ್ಥಿಗಳು ಎಂ.ಎ. ತರಗತಿಗೋ, ಹೊರದೇಶದಲ್ಲಿ ಪಿಎಚ್.ಡಿ.ಯ ಮೊದಲ ವರ್ಷಕ್ಕೋ ಸೇರಿದರೆ, ಆರಂಭದ ವಾರಗಳಲ್ಲೇ ಅವರಿಗೆ ಎದುರಾಗುವ ಪ್ರಶ್ನೆ ಇದು: ಆ ನಿಯಮ ಎಲ್ಲಿಂದ ಬಂತು? ಏನೇನನ್ನು ಒಪ್ಪಿಕೊಂಡರೆ ಅದು ಸಿದ್ಧವಾಗುತ್ತದೆ?

ಒಂದು ಸಂಸಾರ, ಒಂದು ಕಾರ್ಖಾನೆ, ಒಂದು ಮಾರುಕಟ್ಟೆ ಹೇಗೆ ನಡೆದುಕೊಳ್ಳುತ್ತವೆ ಎಂಬುದರ ವಿಚಾರವೇ ಸೂಕ್ಷ್ಮ ಅರ್ಥಶಾಸ್ತ್ರ. ಮಾಸ್-ಕೊಲೆಲ್, ವಿನ್‌ಸ್ಟನ್, ಗ್ರೀನ್ ಎಂಬ ಮೂವರು ಸೇರಿ 1995ರಲ್ಲಿ ಪ್ರಕಟಿಸಿದ ಗ್ರಂಥವೇ ಹಲವು ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಪಠ್ಯ. ಅದರಲ್ಲಿ 23 ಅಧ್ಯಾಯಗಳಿವೆ, ಸಾವಿರಕ್ಕೆ ಸಮೀಪದ ಪುಟಗಳಿವೆ. ಬಿಡಿಸಿ ನೋಡಿದರೆ ಅಂಗಡಿಯೂ ಕಾಣದು, ಬೆಲೆಪಟ್ಟಿಯೂ ಕಾಣದು. ಗಣಗಳು, ಸಮೀಕರಣಗಳು, ಪ್ರಮೇಯಗಳು, ಅವುಗಳ ಸಾಧನೆಗಳು. ಬಡತನದ ಕಾರಣ ತಿಳಿಯೋಣವೆಂದು ಬಂದ ಎಷ್ಟೋ ಮಂದಿ ಇಲ್ಲಿ ಎದೆಗುಂದುತ್ತಾರೆ. ಕೆಲವರು ವಿಷಯವನ್ನೇ ಬಿಟ್ಟು ಹೋಗುವುದೂ ಉಂಟು. ಇನ್ನು ಕೆಲವರು ಸಾಧನೆಗಳನ್ನು ಉರುಹೊಡೆದು ತೇರ್ಗಡೆಯಾಗುತ್ತಾರೆ. ಇವರ ಪಾಡು ಬಿಟ್ಟುಹೋದವರಿಗಿಂತ ಉತ್ತಮವೆಂದು ನನಗೆ ತೋರುವುದಿಲ್ಲ.

ಇಷ್ಟು ಗಣಿತ ಏಕೆ ಬೇಕು? ಬೇಡಿಕೆಯ ನಿಯಮವನ್ನೇ ತೆಗೆದುಕೊಂಡು ನೋಡೋಣ.

ಅಕ್ಕಿಯ ಬೆಲೆ ಇಳಿದಾಗ ಮನೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಬೇರೆ ಪದಾರ್ಥಗಳಿಗೆ ಹೋಲಿಸಿದರೆ ಅಕ್ಕಿ ಅಗ್ಗವಾದ್ದರಿಂದ ಮನಸ್ಸು ಅತ್ತ ವಾಲುತ್ತದೆ. ಇದು ಬದಲಿಯ ಪರಿಣಾಮ. ಜೊತೆಗೆ, ಕೈಯಲ್ಲಿ ನಾಲ್ಕು ಕಾಸು ಉಳಿದು, ಸಂಸಾರ ಅಷ್ಟರಮಟ್ಟಿಗೆ ಅನುಕೂಲಸ್ಥವಾಗುತ್ತದೆ. ಇದು ಆದಾಯದ ಪರಿಣಾಮ. ಈ ಎರಡನ್ನೂ ಬೇರ್ಪಡಿಸಿ ಸಮೀಕರಣ ಬರೆದವರು ಕೀವ್ ನಗರದಲ್ಲಿ ಅಧ್ಯಾಪಕರಾಗಿದ್ದ ಸ್ಲುಟ್‌ಸ್ಕಿ. 1915ರಲ್ಲಿ, ಮಹಾಯುದ್ಧದ ನಡುವೆ, ಅದು ಇಟಲಿಯ ಪತ್ರಿಕೆಯೊಂದರಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಯಿತು. ಬಹುಕಾಲ ಅದನ್ನು ಗಮನಿಸಿದವರು ವಿರಳ. 1934ರಲ್ಲಿ ಇಂಗ್ಲೆಂಡಿನ ಹಿಕ್ಸ್ ಮತ್ತು ಆಲೆನ್ ಬೇರೆ ದಾರಿಯಿಂದ ಅದೇ ಫಲಕ್ಕೆ ಬಂದರು; ಆಮೇಲೆ ಅದರ ಹಿರಿಮೆಯನ್ನು ಸ್ಲುಟ್‌ಸ್ಕಿಗೇ ಸಲ್ಲಿಸಿದರು.

ಬದಲಿಯ ಪರಿಣಾಮದ ದಿಕ್ಕು ಖಚಿತ. ಬೆಲೆ ಏರಿದಾಗ, ಹಳೆಯ ಸಾಮಾನನ್ನೇ ಕೊಳ್ಳಲು ಸಾಲುವಷ್ಟು ಹಣವನ್ನು ಸಂಸಾರಕ್ಕೆ ತುಂಬಿಕೊಟ್ಟರೆ, ಆ ಪದಾರ್ಥದ ಬೇಡಿಕೆ ಹೆಚ್ಚಲಾರದು. ಇದನ್ನು ಸಾಧಿಸಲು ಮನುಷ್ಯ ಸ್ವಾರ್ಥಿಯೆಂದಾಗಲಿ, ಸುಖವನ್ನು ಸೇರಿನಲ್ಲಿ ಅಳೆಯಬಹುದೆಂದಾಗಲಿ ಹೇಳಬೇಕಿಲ್ಲ. ಎರಡೂ ಕೈಗೆಟುಕುತ್ತಿದ್ದಾಗ ಒಂದನ್ನು ಆರಿಸಿದವನು, ಮತ್ತೊಮ್ಮೆ ಎರಡೂ ಎಟುಕುತ್ತಿರುವಾಗ ಇನ್ನೊಂದನ್ನು ಆರಿಸಿ ತನ್ನ ಮಾತಿಗೆ ತಾನೇ ವಿರುದ್ಧ ನಡೆಯುವುದಿಲ್ಲ ಎಂದರೆ ಸಾಕು. ಇದು ಸ್ಯಾಮ್ಯುಯೆಲ್‌ಸನ್ 1938ರಲ್ಲಿ ತೋರಿಸಿದ ದಾರಿ. ವಿದ್ಯಾರ್ಥಿಗೆ ಅರ್ಧ ಪುಟದ ಕೆಲಸ. ಅಷ್ಟು ಸಣ್ಣ ಮಾತಿನಿಂದ ಅಷ್ಟು ದೊಡ್ಡ ಮಾತು ಹೊರಡುವುದನ್ನು ಸ್ವತಃ ಬರೆದು ಕಂಡವರಿಗೆ ಗಣಿತದ ಮೇಲಿನ ಮುನಿಸು ಅರ್ಧ ಇಳಿಯುತ್ತದೆ.

ಆದಾಯದ ಪರಿಣಾಮಕ್ಕೆ ಮಾತ್ರ ಇಂಥ ಕಟ್ಟಿಲ್ಲ. ಒಂದು ಲೆಕ್ಕ ಹಾಕೋಣ. ಹೊಟ್ಟೆ ತುಂಬಲು ತಿಂಗಳಿಗೆ ಒಟ್ಟು 30 ಕಿಲೋ ಆಹಾರ ಬೇಕಾದ ಒಂದು ಸಂಸಾರ. ಕೈಯಲ್ಲಿ 900 ರೂಪಾಯಿ. ಅಕ್ಕಿ ಕಿಲೋಗೆ 20 ರೂಪಾಯಿ, ಬೇಳೆ 50 ರೂಪಾಯಿ. ಹೊಟ್ಟೆ ತುಂಬಿದ ಮೇಲೆ ಆದಷ್ಟು ಬೇಳೆ ತಿನ್ನಬೇಕೆಂಬುದು ಮನೆಯವರ ಆಸೆ. ಆಗ ಅವರು 20 ಕಿಲೋ ಅಕ್ಕಿ, 10 ಕಿಲೋ ಬೇಳೆ ಕೊಳ್ಳುತ್ತಾರೆ. ಅಕ್ಕಿಯ ಬೆಲೆ 10 ರೂಪಾಯಿಗೆ ಇಳಿಯಿತೆನ್ನಿ. ಈಗ 15 ಕಿಲೋ ಅಕ್ಕಿ, 15 ಕಿಲೋ ಬೇಳೆ ಕೊಳ್ಳಬಹುದು. ಬೆಲೆ ಅರ್ಧವಾಯಿತು, ಅಕ್ಕಿಯ ಬೇಡಿಕೆಯೂ ಇಳಿಯಿತು! ಮನೆಯವರು ಅವಿವೇಕಿಗಳೇನಲ್ಲ, ಲೆಕ್ಕ ಬಲ್ಲವರೇ.

ಇಂಥ ನಡವಳಿಕೆಯನ್ನು ಮಾರ್ಷಲ್ 1895ರಲ್ಲಿ, ತಮ್ಮ ಪ್ರಸಿದ್ಧ ಗ್ರಂಥದ ಮೂರನೆಯ ಮುದ್ರಣದಲ್ಲಿ, ಸರ್ ರಾಬರ್ಟ್ ಗಿಫೆನ್ ಅವರ ಹೆಸರು ಹೇಳಿ ಬಡವರ ರೊಟ್ಟಿಯ ವಿಚಾರದಲ್ಲಿ ಸೂಚಿಸಿದ್ದರು. ನೂರು ವರ್ಷಕ್ಕೂ ಮಿಕ್ಕಿ ಅದು ಬಹುಮಟ್ಟಿಗೆ ಪಠ್ಯಪುಸ್ತಕದ ಕುತೂಹಲವಾಗಿಯೇ ಉಳಿಯಿತು. ಜೆನ್ಸನ್ ಮತ್ತು ಮಿಲ್ಲರ್ ಎಂಬ ಇಬ್ಬರು ಚೀನಾದ ಬಡ ಸಂಸಾರಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವಕ್ಕೆ ಮುಖ್ಯ ಧಾನ್ಯದ ಮೇಲೆ ರಿಯಾಯಿತಿಯ ರಸೀದಿ ಹಂಚಿ ಪರೀಕ್ಷಿಸಿದರು. 2008ರಲ್ಲಿ ಅವರು ಪ್ರಕಟಿಸಿದ ಫಲ ಹೀಗಿತ್ತು: ಹುನಾನ್ ಪ್ರಾಂತದಲ್ಲಿ ಅಕ್ಕಿ ಅಗ್ಗವಾದಾಗ ಬಡವರು ಅಕ್ಕಿ ತಿನ್ನುವುದು ಕಡಿಮೆಯಾಯಿತು. ಗೋಧಿ ತಿನ್ನುವ ಗಾನ್‌ಸು ಪ್ರಾಂತದಲ್ಲಿ ಸಾಕ್ಷ್ಯ ಅಷ್ಟು ಬಲವಾಗಿರಲಿಲ್ಲ. ಇನ್ನೂ ಸ್ವಾರಸ್ಯವೆಂದರೆ ಕಡುಬಡವರಲ್ಲಿ ಇದು ಕಾಣಲಿಲ್ಲ. ನಮ್ಮ ಲೆಕ್ಕದಲ್ಲೂ ಅಷ್ಟೇ. 500 ರೂಪಾಯಿ ಮಾತ್ರ ಇರುವ ಮನೆಯವರು 20 ರೂಪಾಯಿಯ ದರದಲ್ಲಿ 25 ಕಿಲೋ ಅಕ್ಕಿ ಬಿಟ್ಟು ಬೇರೇನನ್ನೂ ಕೊಳ್ಳಲಾರರು, ದರ 25 ಆದರೆ 20 ಕಿಲೋಗೆ ಇಳಿಯಲೇಬೇಕು. ಆಹಾರಕ್ಕೆ ಸರ್ಕಾರ ರಿಯಾಯಿತಿ ಕೊಡಬೇಕೇ, ಕೊಟ್ಟರೆ ಯಾವ ಧಾನ್ಯಕ್ಕೆ, ಎಷ್ಟು ಎಂದು ಸಲಹೆ ಹೇಳಬೇಕಾದವರು ಇಳಿಜಾರಿನ ಗೆರೆಯೊಂದನ್ನೇ ನಂಬಿ ಕುಳಿತರೆ ಏನಾದೀತು, ಓದುಗರೇ ಊಹಿಸಬಹುದು.

ಒಂದು ಮನೆಯಿಂದ ಇಡೀ ಮಾರುಕಟ್ಟೆಗೆ ಹೋದರೆ ಇನ್ನೂ ದೊಡ್ಡ ಪೆಟ್ಟು ಕಾದಿರುತ್ತದೆ. ಎಲ್ಲ ಪದಾರ್ಥಗಳ ಬೇಡಿಕೆ-ಪೂರೈಕೆಗಳನ್ನೂ ಒಮ್ಮೆಗೇ ಸರಿದೂಗಿಸುವ ಬೆಲೆಗಳು ಇದ್ದೇ ಇರುತ್ತವೆ ಎಂದು, ತಕ್ಕ ಷರತ್ತುಗಳನ್ನು ಹಾಕಿಕೊಂಡು, ಆರೋ ಮತ್ತು ದೆಬ್ರೂ 1954ರಲ್ಲಿ ಸಾಧಿಸಿದರು. ಆದರೆ ಸಾನೆನ್‌ಶೈನ್, ಮಾಂಟೆಲ್ ಮತ್ತು ಸ್ವತಃ ದೆಬ್ರೂ 1970ರ ದಶಕದ ಮೊದಲಲ್ಲಿ ತೋರಿಸಿಕೊಟ್ಟದ್ದು ಬೇರೆ: ಪ್ರತಿಯೊಂದು ಸಂಸಾರವೂ ವಿವೇಕದಿಂದಲೇ ನಡೆದರೂ, ಎಲ್ಲವನ್ನೂ ಕೂಡಿಸಿದ ಬೇಡಿಕೆ ಹೆಚ್ಚುಕಡಮೆ ಯಾವ ಆಕಾರವನ್ನಾದರೂ ತಾಳಬಹುದು. ಸಮತೋಲದ ಬೆಲೆ ಒಂದೇ ಎಂದಾಗಲಿ, ಮಾರುಕಟ್ಟೆ ತಾನಾಗಿ ಅಲ್ಲಿಗೆ ಹೋಗಿ ಸೇರುತ್ತದೆಂದಾಗಲಿ ವಿವೇಕವೊಂದರಿಂದಲೇ ಸಿದ್ಧವಾಗುವುದಿಲ್ಲ. ಮಾರುಕಟ್ಟೆಯ ಮಹಿಮೆಯನ್ನು ಹಾಡಲು ಅರ್ಥಶಾಸ್ತ್ರ ಕಲಿಸುತ್ತಾರೆಂದು ದೂರುವವರು ಈ ಪ್ರಮೇಯದ ಪುಟ ತೆರೆದು ನೋಡಿದ್ದಾರೋ ಇಲ್ಲವೋ!

ಕಲಿಯುವ ರೀತಿಯ ಬಗ್ಗೆ ನಾಲ್ಕು ಮಾತು. ಸೇರುವುದಕ್ಕೆ ಮೊದಲೇ ಕಲನಶಾಸ್ತ್ರವನ್ನೂ ಸ್ವಲ್ಪಮಟ್ಟಿಗೆ ವಿಶ್ಲೇಷಣ ಗಣಿತವನ್ನೂ ಓದಿಕೊಳ್ಳುವುದು ಲೇಸು. ಪ್ರಮೇಯ ಬಂದೊಡನೆ ಸಾಧನೆಗೆ ಕೈಹಾಕದೆ, ಎರಡೇ ಪದಾರ್ಥಗಳನ್ನು ಇಟ್ಟುಕೊಂಡು ಮೇಲಿನಂಥ ಲೆಕ್ಕವೊಂದನ್ನು ತಾವೇ ಮಾಡಬೇಕು. ಆಮೇಲೆ ಒಂದು ಷರತ್ತನ್ನು ತೆಗೆದುಹಾಕಿ, ಪ್ರಮೇಯ ಎಲ್ಲಿ ಮುರಿಯುತ್ತದೆಂದು ನೋಡಬೇಕು. ವಾರವಾರ ಕೊಡುವ ಸಮಸ್ಯೆಗಳನ್ನು ಇಬ್ಬರು ಮೂವರು ಕೂಡಿ ಚರ್ಚಿಸಿ, ಉತ್ತರವನ್ನು ಮಾತ್ರ ಒಬ್ಬೊಬ್ಬರೇ ಬರೆಯುವುದು ಒಳ್ಳೆಯದು. ಬೇಸರ ಬಂದ ದಿನ ಮೂಲ ಲೇಖನವೊಂದನ್ನು ಓದಬೇಕು.

ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನ ಅದಕ್ಕೆ ಹೇಳಿ ಮಾಡಿಸಿದಂತಿದೆ. ಹಲವು ಪತ್ರಿಕೆಗಳು ಹಿಂದಿರುಗಿಸಿದ ಬರಹ ಅದು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ಆ ದಾರಿಯ ಕೆಲಸಕ್ಕೇ. ಹಳೆಯ ಕಾರು ಮಾರುವವನಿಗೆ ಅದರ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಅನುಮಾನದಿಂದ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನವರು ಮಾರಲೊಲ್ಲದೆ ಹಿಂದೆ ಸರಿಯುತ್ತಾರೆ. ಕೊನೆಗೆ ಮಾರುಕಟ್ಟೆಯೇ ಮುಚ್ಚಬಹುದು. ಇಷ್ಟನ್ನು ಹದಿಮೂರು ಪುಟಗಳಲ್ಲಿ ಹೇಳಿದ್ದಾರೆ. ಅದು ಪ್ರಕಟವಾಗುವ ಹೊತ್ತಿಗೆ ಭಾರತದಲ್ಲೂ ಒಂದು ವರ್ಷ ಇದ್ದು ಹೋಗಿದ್ದ ಅವರು, ನಮ್ಮ ಹಳ್ಳಿಗಳ ಲೇವಾದೇವಿಗಾರರ ಬಡ್ಡಿಯ ದರವನ್ನು ಅಲ್ಲಿ ಚರ್ಚಿಸಿದ್ದಾರೆ. ಅಂಗಡಿಯಿಂದ ತಂದ ಅಕ್ಕಿಯಲ್ಲಿ, ಬೇಕೆಂದೇ ಬೆರೆಸಿದ ಅದೇ ಬಣ್ಣದ ಕಲ್ಲುಗಳನ್ನು ಭಾರತದ ಗೃಹಿಣಿ ಆರಿಸಬೇಕಾಗುತ್ತದೆ ಎಂಬ ಮಾತೂ ಆ ಲೇಖನದಲ್ಲಿದೆ.