ತುತ್ತೂರಿಯ ಬಿರಡೆಗಳು: ಮಿತಸಂಗ್ರಹವನ್ನು ಕುರಿತು

೧. ವಿಷಯವೂ ಹೆಸರೂ

ಸುಷಿರವಾದ್ಯಗಳಲ್ಲಿ ತುತ್ತೂರಿಗೆ ಇರುವ ಪ್ರಸಿದ್ಧಿಯು ಅದರ ಗಟ್ಟಿದನಿಯಿಂದ ಬಂದುದು. ರಣರಂಗದಲ್ಲಿಯೂ ಉತ್ಸವದಲ್ಲಿಯೂ ಕೊಂಬು ಕಹಳೆಗಳು ಮೊಳಗಿದುವೆಂದು ನಮ್ಮ ಕಾವ್ಯಗಳು ವರ್ಣಿಸುವಾಗ ಕವಿಗಳ ಮನಸ್ಸಿನಲ್ಲಿ ಇರುವುದು ಈ ಗುಣವೇ. ಆದರೆ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಬಳಕೆಯಲ್ಲಿರುವ, ಮೂರು ಕವಾಟಗಳುಳ್ಳ ತುತ್ತೂರಿಯು ಪಿಸುನುಡಿಯನ್ನೂ ಕಲಿತಿದೆ. ವಾದ್ಯದ ಹೂಬಾಯಿಗೆ ತೊಡಿಸಲೂ ತೆಗೆಯಲೂ ಬರುವ ಒಂದು ಸಣ್ಣ ಉಪಕರಣವು ಇದಕ್ಕೆ ಸಾಧನ. ಇಂಗ್ಲಿಷಿನಲ್ಲಿ ಇದಕ್ಕೆ ‘ಮ್ಯೂಟ್’ ಎಂದು ಹೆಸರು. ಇದರಲ್ಲಿ ಬಗೆಗಳು ಹಲವು; ಅವೆಲ್ಲವನ್ನೂ ಹೊತ್ತು ತಿರುಗುವುದು ವಾದಕನಿಗೆ ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ನಾನಾ ಸಂದರ್ಭಗಳಲ್ಲಿ ನುಡಿಸಬೇಕಾದವನು ಯಾವುವನ್ನು, ಎಷ್ಟನ್ನು ಇಟ್ಟುಕೊಳ್ಳುವುದು ಯುಕ್ತವೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಹೆಸರನ್ನು ಕುರಿತು ಒಂದು ಮಾತು. ‘ಮ್ಯೂಟ್’ ಎಂದರೆ ಮೂಗ. ಈ ಹೆಸರಿನಿಂದ ಉಪಕರಣದ ಪ್ರಯೋಜನವು ದನಿಯನ್ನು ಅಡಗಿಸುವುದಷ್ಟೇ ಎಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ‘ಶಾಮಕ’ ಎಂಬ ಸಂಸ್ಕೃತ ಪದಕ್ಕೂ ಇದೇ ದೋಷ ಅಂಟಿಕೊಂಡಿದೆ. ‘ಮಂದ್ರಕ’ ಎಂದರೆ ಸ್ಥಾಯಿಯ ಅರ್ಥ ಬಂದು ಇನ್ನಷ್ಟು ಗೊಂದಲವಾಗುವುದು. ಕನ್ನಡದಲ್ಲಿ ಸೀಸೆಯ ಬಾಯಿಗೆ ಹಾಕುವುದನ್ನು ಬಿರಡೆ ಎನ್ನುತ್ತೇವೆ. ತಂಬೂರಿಯ ತಂತಿಯನ್ನು ಬಿಗಿಯುವುದೂ ಬಿರಡೆಯೇ. ತುತ್ತೂರಿಯ ಈ ಉಪಕರಣವಾದರೋ ಬಾಯನ್ನೂ ಮುಚ್ಚುತ್ತದೆ, ಶ್ರುತಿಯನ್ನೂ ಅಲುಗಿಸುತ್ತದೆ. ಆದಕಾರಣ ಬಿರಡೆ ಎಂಬ ಮಾತು ಎರಡು ಅರ್ಥದಲ್ಲಿಯೂ ಇಲ್ಲಿ ಒಪ್ಪುತ್ತದೆ. ಮುಂದೆ ಅದನ್ನೇ ಬಳಸಲಾಗಿದೆ.

೨. ಪೂರ್ವಚರಿತ್ರೆ

ಯೂರೋಪಿನಲ್ಲಿ ಬಿರಡೆಯ ಬಳಕೆ ಹಳೆಯದು. ಅದು ಮೊದಲು ಶೋಕಕ್ಕೆ ಸಂಬಂಧಿಸಿದುದಾಗಿತ್ತು. ೧೫೧೧ರ ಸುಮಾರಿಗೆ ಫ್ಲಾರೆನ್ಸ್ ನಗರದಲ್ಲಿ ಚಿತ್ರಕಾರ ಪಿಯೆರೊ ಡಿ ಕೊಸಿಮೊ ಏರ್ಪಡಿಸಿದ ಮೃತ್ಯುರಥದ ಮೆರವಣಿಗೆಯನ್ನು ವರ್ಣಿಸುವಾಗ ವಸಾರಿಯು ಬಾಯಿಕಟ್ಟಿದ ತುತ್ತೂರಿಗಳ ಒರಟಾದ ಶೋಕದನಿಯನ್ನು ಹೇಳಿದ್ದಾನೆ. ೧೬೦೭ರಲ್ಲಿ ಮಾಂಟುವಾ ನಗರದಲ್ಲಿ ಪ್ರಯೋಗವಾದ ಮಾಂಟೆವೆರ್ಡಿಯ ‘ಓರ್ಫೆಯೊ’ ಗೀತನಾಟಕದ ಆರಂಭವಾದ್ಯಕ್ಕೆ ಒಂದು ಸೂಚನೆಯಿದೆ: ತುತ್ತೂರಿಗಳಿಗೆ ಬಿರಡೆ ಹಾಕುವುದಾದರೆ ಆ ಭಾಗವನ್ನು ಒಂದು ಪೂರ್ಣಸ್ವರದಷ್ಟು ಮೇಲೆ ನುಡಿಸಬೇಕು. ಬಿರಡೆಯಿಂದ ಶ್ರುತಿ ಏರುವುದೆಂಬ ಅನುಭವವು ನಾಲ್ಕು ಶತಮಾನಗಳ ಹಿಂದೆಯೇ ಇತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನ ಡೆಬ್ಯೂಸಿಯು ಬಿರಡೆಗೆ ಮತ್ತೊಂದು ಕಾರ್ಯವನ್ನು ಕಾಣಿಸಿದನು. ಅವನು ೧೮೯೯ರಲ್ಲಿ ಮುಗಿಸಿದ ‘ನಾಕ್ಟರ್ನ್’ಗಳ ಎರಡನೆಯ ಭಾಗದಲ್ಲಿ ಬಿರಡೆ ತೊಟ್ಟ ಮೂರು ತುತ್ತೂರಿಗಳು ಮೆಲ್ಲನೆ ನುಡಿಯುತ್ತವೆ, ದೂರದಿಂದ ಒಂದು ಮೆರವಣಿಗೆ ಬರುತ್ತಿರುವಂತೆ ಕೇಳುವವನಿಗೆ ತೋರುತ್ತದೆ. ವಾದಕರು ಕುಳಿತ ಸ್ಥಳದಿಂದ ಕದಲಿಲ್ಲ, ದೂರವು ಸೂಚಿತವಾಯಿತು. ನಮ್ಮ ಆಲಂಕಾರಿಕರ ಅರ್ಥದಲ್ಲಿ ಇದೇ ಧ್ವನಿ. ೧೯೨೦ರ ದಶಕದಲ್ಲಿ ಅಮೆರಿಕದ ನೀಗ್ರೋ ಜನಾಂಗದ ವಾದಕರಾದ ಕಿಂಗ್ ಆಲಿವರ್, ಬಬ್ಬರ್ ಮೈಲಿ ಮೊದಲಾದವರು ಇದೇ ಸಾಧನದಿಂದ ತುತ್ತೂರಿಗೆ ಮನುಷ್ಯನ ಮಾತಿನ ಏರಿಳಿತವನ್ನು ತಂದರು.

ಕರ್ನಾಟಕದಲ್ಲಿ ಪಾಶ್ಚಾತ್ಯ ತುತ್ತೂರಿ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಆಟೋ ಷ್ಮಿಟ್ ಎಂಬ ಜರ್ಮನ್ ಸಂಗೀತಗಾರರು ನಡೆಸಿದರು. ಪೊಲೀಸ್ ಇಲಾಖೆಯ ಇಂಗ್ಲಿಷ್ ಬ್ಯಾಂಡು ದಸರೆಯಲ್ಲಿ ಇಂದಿಗೂ ನುಡಿಯುತ್ತದೆ. ಊರೂರುಗಳ ಮದುವೆಯ ಬ್ಯಾಂಡುಗಳಂತೂ ಎಲ್ಲರಿಗೂ ಪರಿಚಿತ. ಸಂದರ್ಭಕ್ಕೆ ತಕ್ಕಂತೆ ದನಿಯನ್ನು ಬದಲಿಸುವ ವಿವೇಕವು ನಮ್ಮಲ್ಲಿ ಅದಕ್ಕೂ ಹಿಂದಿನದು. ಬೀದಿಯ ಉತ್ಸವಕ್ಕೆ ನಾಗಸ್ವರ, ಒಳಗಿನ ಸೇವೆಗೆ ಮೃದುವಾದ ಮುಖವೀಣೆ ಎಂಬ ಭೇದವಿತ್ತು. ನಾಗಸ್ವರದವರು ವಾದ್ಯಕ್ಕೆ ಕಟ್ಟಿಕೊಳ್ಳುವ ಬದಲಿ ಜೀವಾಳಿಗಳ ಗೊಂಚಲೂ ಒಂದು ಮಿತಸಂಗ್ರಹವೇ. ನಮ್ಮವರು ವಾದ್ಯವನ್ನೋ ಊದುವ ತುದಿಯನ್ನೋ ಬದಲಿಸಿದರು. ಪಾಶ್ಚಾತ್ಯರು ದನಿ ಹೊರಬೀಳುವ ತುದಿಯನ್ನು ಬದಲಿಸಿದರು.

೩. ಬಿರಡೆಯು ಕೆಲಸಮಾಡುವ ರೀತಿ

ಸಾಮಾನ್ಯ ತುತ್ತೂರಿಯ ಕೊಳವೆಯ ಉದ್ದ ಸುಮಾರು ಒಂದೂವರೆ ಮೀಟರು. ಹೂಬಾಯಿಯ ಅಗಲ ಸುಮಾರು ೧೨ ಸೆಂಟಿಮೀಟರು. ವಾದಕನ ತುಟಿಗಳ ಕಂಪನದಿಂದ ಹುಟ್ಟಿದ ನಾದದಲ್ಲಿ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಮಡಿ ಕಂಪನಗಳುಳ್ಳ ಉಪಸ್ವರಗಳೂ ಇರುತ್ತವೆ. ಇವುಗಳ ಪ್ರಮಾಣವೇ ವಾದ್ಯದ ಬಣ್ಣವನ್ನು ನಿರ್ಣಯಿಸುವುದು. ತಗ್ಗಿನ ಕಂಪನಗಳಲ್ಲಿ ಹೆಚ್ಚಿನ ಪಾಲು ಹೂಬಾಯಿಯಿಂದ ಹಿಂದಿರುಗಿ ಕೊಳವೆಯೊಳಗೇ ನಿಂತು ಸ್ವರವನ್ನು ಸ್ಥಿರಗೊಳಿಸುತ್ತದೆ. ಸೆಕೆಂಡಿಗೆ ಸುಮಾರು ೧೫೦೦ನ್ನು ಮೀರಿದವು ಸುಲಭವಾಗಿ ಹೊರಹರಿಯುತ್ತವೆ. ಕೆರೆಗಳ ನಾಡಿನವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ: ಕೊಳವೆಯು ಕೆರೆ, ಹೂಬಾಯಿಯು ಅದರ ಕೋಡಿ.

ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು ೧೯೦೩ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅಳವಡಿಸಲಾಯಿತು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ನಿಲ್ಲಿಸಿ, ಮಟ್ಟವು ಮಿತಿ ಮುಟ್ಟಿದಾಗ ತಾವಾಗಿಯೇ ತೆರೆದುಕೊಂಡು ಹೆಚ್ಚಿನದನ್ನು ಬಿಡುವುದು ಅವುಗಳ ಗುಣ. ಬಿರಡೆಯೂ ಇಂತಹ ಒಂದು ಕೋಡಿಬಾಗಿಲು. ಯಾವ ಉಪಸ್ವರಗಳನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದರ ಆಕಾರ ನಿರ್ಣಯಿಸುತ್ತದೆ. ದನಿ ತಗ್ಗುವುದು ಇದರ ಒಂದು ಫಲ. ಬಣ್ಣ ಬದಲಾಗುವುದು ಮುಖ್ಯವಾದ ಫಲ. ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯದಲ್ಲಿ ನೀರುಪಾಲಾದ ತುತ್ತೂರಿಗೆ ಆದುದು ದನಿಯ ಕೇಡು. ಬಿರಡೆಯಿಂದ ಆಗತಕ್ಕದ್ದು ದನಿಯ ಆಯ್ಕೆ.

೪. ಮುಖ್ಯ ಪ್ರಭೇದಗಳು

ನೇರಬಿರಡೆ: ಇದು ಶಂಕುವಿನ ಆಕಾರದ್ದು. ಕಿರಿದಾದ ತೆರೆದ ತುದಿ ವಾದ್ಯದೊಳಕ್ಕೆ ಹೋಗುತ್ತದೆ. ಅಗಲವಾದ ತುದಿ ಮುಚ್ಚಿರುತ್ತದೆ. ಮೂರು ಬೆಂಡಿನ ಪಟ್ಟಿಗಳು ಇದನ್ನು ಹಿಡಿದಿರುತ್ತವೆ. ಪಟ್ಟಿಗಳ ನಡುವಣ ಸಂದುಗಳಿಂದ ನಾದ ಹೊರಬರುತ್ತದೆ. ತಗ್ಗಿನ ಉಪಸ್ವರಗಳು ಕುಗ್ಗಿ ಮೇಲಿನವು ಉಳಿಯುವುದರಿಂದ ದನಿ ತೆಳುವೂ ಮೊನಚೂ ಆಗುತ್ತದೆ. ಅಲ್ಯುಮಿನಿಯಮ್ಮಿನದು ಹೆಚ್ಚು ಹರಿತ. ಒತ್ತಿದ ನಾರುಕಾಗದದ್ದು ತುಸು ಮೃದು.

ಬಟ್ಟಲುಬಿರಡೆ: ನೇರಬಿರಡೆಯ ತುದಿಗೆ, ಹೂಬಾಯಿಯ ಕಡೆಗೆ ಮುಖಮಾಡಿದ ಒಂದು ಬಟ್ಟಲನ್ನು ಸೇರಿಸಿದರೆ ಇದಾಗುತ್ತದೆ. ಮೇಲಿನ ಉಪಸ್ವರಗಳ ಹರಿತವನ್ನು ಬಟ್ಟಲು ತಗ್ಗಿಸುವುದರಿಂದ ದನಿ ಮಬ್ಬಾಗಿ, ದುಂಡಗಾಗಿ ಬರುತ್ತದೆ. ಬಟ್ಟಲನ್ನು ಹಿಂದೆ ಮುಂದೆ ಸರಿಸಲು ಬರುವಂತಹ ಮಾದರಿಯಲ್ಲಿ ಒಂದರಿಂದಲೇ ಎರಡು ಮೂರು ಬಣ್ಣಗಳನ್ನು ಪಡೆಯಬಹುದು.

ಹಾರ್ಮನ್ ಬಿರಡೆ: ಲೋಹದ ಗುಂಡನೆಯ ಪೊಳ್ಳುಗೂಡು, ಇದರ ಬೆಂಡು ಸುತ್ತಲೂ ಬಳೆಯಂತೆ ಇರುವುದರಿಂದ ಉಸಿರೆಲ್ಲವೂ ಗೂಡಿನ ಮೂಲಕವೇ ಸಾಗಬೇಕು. ನಡುವೆ ತೆಗೆಯಲು ಬರುವ ಒಂದು ಸಣ್ಣ ಕೊಳವೆಯಿದೆ. ಕೊಳವೆಯಿಟ್ಟು ಅಂಗೈಯಿಂದ ಮುಚ್ಚಿ ತೆರೆದರೆ ಮಗುವಿನ ಅಳುವಿನಂತಹ ‘ವಾ–ವಾ’ ಶಬ್ದ. ಕೊಳವೆಯನ್ನು ತೆಗೆದರೆ ಝೇಂಕಾರದಂತಹ ಏಕಾಂತದ ದನಿ. ೧೯೫೦ರ ದಶಕದಿಂದ ಮೈಲ್ಸ್ ಡೇವಿಸ್ ಈ ಎರಡನೆಯ ರೀತಿಯನ್ನು ಲೋಕಪ್ರಸಿದ್ಧಗೊಳಿಸಿದನು.

ಇವಲ್ಲದೆ ಹತ್ತಿ ಮೊದಲಾದುವನ್ನು ತುಂಬಿ ಹೂಬಾಯಿಯ ಮುಂದೆ ಸಿಕ್ಕಿಸುವ ಬಕೆಟ್ ಬಿರಡೆ, ಎಡಗೈಯಲ್ಲಿ ಹಿಡಿದು ಆಡಿಸುವ ರಬ್ಬರಿನ ಗುಬ್ಬಟೆ, ಮನೆಯಲ್ಲಿ ನೆರೆಯವರಿಗೆ ತೊಂದರೆಯಾಗದಂತೆ ಸಾಧಕಮಾಡಲು ಬಳಸುವ ಅಭ್ಯಾಸಬಿರಡೆ ಎಂಬಿವೂ ಇವೆ. ಕೊನೆಯದು ಸಭೆಗೆ ಸಲ್ಲತಕ್ಕುದಲ್ಲವಾಗಿ ನಮ್ಮ ಎಣಿಕೆಗೆ ಸೇರದು.

೫. ಆಯ್ಕೆಯ ಅಳತೆ

ಬಿರಡೆಗಳನ್ನು ಎಣಿಸುವುದಕ್ಕೆ ಮೊದಲು ಸಂದರ್ಭಗಳನ್ನು ಎಣಿಸಬೇಕು. ಚಿಕ್ಕಬಳ್ಳಾಪುರದ ಸೀಮೆಯ ಒಬ್ಬ ತುತ್ತೂರಿಯವನನ್ನು ಊಹಿಸಿಕೊಳ್ಳೋಣ. ಮುದ್ದೇನಹಳ್ಳಿಯಂತಹ ಊರಿನಲ್ಲಿ ಅವನಿಗೆ ಒದಗಬಹುದಾದ ಕರೆಗಳು ಇವು: ಬೀದಿಯಲ್ಲಿ ಮದುವೆಯ ಮೆರವಣಿಗೆ, ವಿಶ್ವೇಶ್ವರಯ್ಯನವರ ಸಮಾಧಿಯಂತಹ ಸ್ಥಳದಲ್ಲಿ ಪುಣ್ಯಸ್ಮರಣೆ, ಶಾಲೆಯ ಸಭಾಂಗಣದಲ್ಲಿ ಭಾವಗೀತೆಗೆ ಪಕ್ಕವಾದ್ಯ, ಬೆಂಗಳೂರಿಗೆ ಹೋದರೆ ವಾದ್ಯವೃಂದದಲ್ಲಿ ಒಂದು ಸ್ಥಾನ, ಮತ್ತೊಂದು ಸಂಜೆ ಚಿತ್ರಗೀತೆಗಳ ಅಥವಾ ಜಾಜ್ ಸಂಗೀತದ ಗೋಷ್ಠಿ.

ಬೀದಿಯಲ್ಲಿ ಬಿರಡೆ ಬೇಡ. ಗೋಡೆಗಳಿಲ್ಲದ ಕಡೆ ಮೃದುದನಿ ಗಾಳಿಯ ಪಾಲು. ವಾದ್ಯವೃಂದದಲ್ಲಿ ನೇರಬಿರಡೆ ಅನಿವಾರ್ಯ. ಸ್ವರಪತ್ರದಲ್ಲಿ ಬಗೆಯನ್ನು ಹೇಳದೆ ಬರಿದೆ ‘ಬಿರಡೆಯೊಡನೆ’ ಎಂದಿದ್ದರೆ ನೇರಬಿರಡೆಯೆಂದೇ ಸಂಪ್ರದಾಯದ ಅರ್ಥ. ಆದಕಾರಣ ಒಂದನ್ನೇ ಕೊಳ್ಳಬಲ್ಲವನು ಇದನ್ನು ಕೊಳ್ಳತಕ್ಕುದು. ಸ್ಮರಣೆಯ ಸಭೆಗೂ ಭಾವಗೀತೆಗೂ ಬಟ್ಟಲುಬಿರಡೆ ಸಲ್ಲುತ್ತದೆ. ಸ್ಮರಣೆಯಲ್ಲಿ ಬಟ್ಟಲನ್ನು ದೂರವಿಟ್ಟು ನಾದಕ್ಕೆ ಎಡೆಮಾಡಬೇಕು; ಗಾಯಕನ ಹಿಂದೆ ನುಡಿಸುವಾಗ ಹತ್ತಿರಕ್ಕೆ ತಂದು ಸಾಹಿತ್ಯದ ಅಕ್ಷರಗಳು ಮುಚ್ಚಿಹೋಗದಂತೆ ನೋಡಬೇಕು. ಕನ್ನಡದ ಭಾವಗೀತೆಯಲ್ಲಿ ಪದವೇ ಪ್ರಾಣವಾದುದರಿಂದ, ವ್ಯಂಜನಗಳ ಮೇಲೆ ಬಂದು ಬೀಳುವ ನೇರಬಿರಡೆಯ ಹರಿತ ಅಲ್ಲಿ ಅಪಚಾರವೇ ಸರಿ. ಚಿತ್ರಗೀತೆಗೂ ಜಾಜ್ ಸಂಗೀತಕ್ಕೂ ಹಾರ್ಮನ್ ಬೇಕು.

ಹೀಗೆ ಮೂರು ಸಾಕು: ನೇರಬಿರಡೆ, ಸರಿಸಬಲ್ಲ ಬಟ್ಟಲುಬಿರಡೆ, ಹಾರ್ಮನ್. ನಾಲ್ಕನೆಯದಾಗಿ ಗುಬ್ಬಟೆಯನ್ನು ಸೇರಿಸಿದರೆ ಹೊರೆಯೂ ಇಲ್ಲ, ವೆಚ್ಚವೂ ಇಲ್ಲ. ಮೋರಿಯ ಕಸ ಎತ್ತಲು ಅಂಗಡಿಗಳಲ್ಲಿ ಮಾರುವ ರಬ್ಬರ್ ಬಟ್ಟಲಿನ ಹಿಡಿಯನ್ನು ತೆಗೆದರೆ ಅದು ಸಿದ್ಧ. ಬಕೆಟ್ ಬಿರಡೆಯು ಭಾವಗೀತೆಯನ್ನೇ ಮುಖ್ಯವೃತ್ತಿ ಮಾಡಿಕೊಂಡವನಿಗೆ ಮಾತ್ರ. ಉಳಿದವರಿಗೆ ಹತ್ತಿರಕ್ಕೆ ತಂದ ಬಟ್ಟಲೇ ಅದರ ಕೆಲಸವನ್ನು ಬಹುಮಟ್ಟಿಗೆ ಮಾಡೀತು.

ಈ ವಿಂಗಡಣೆಯಲ್ಲಿ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. ಮಡಿದವರ ಮುಂದೆ ತಲೆಬಾಗಿ ನಿಂತ ಜನರ ನಡುವೆ ಹಾರ್ಮನ್ನಿನ ‘ವಾ–ವಾ’ ಕೇಳಿಬಂದರೆ ಶೋಕವು ಅಣಕವಾಗಿ ಮಾರ್ಪಡುತ್ತದೆ. ಆ ಗಳಿಗೆ ಮತ್ತೆ ಬಾರದು. ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ತನ್ನ ಸ್ಥಾನದಲ್ಲಿ ಭೂಷಣವಾಗುವುದೇ ಸ್ಥಾನ ತಪ್ಪಿದರೆ ಹಾಸ್ಯಕ್ಕೆ ಈಡಾಗುವುದೆಂಬ ಅವನ ವಿಚಾರವು ಬಿರಡೆಗಳಿಗೂ ಅಕ್ಷರಶಃ ಅನ್ವಯಿಸುತ್ತದೆ.

೬. ಪರೀಕ್ಷೆ

ಕೊಳ್ಳುವಾಗ ಮೊದಲು ಶ್ರುತಿಯನ್ನು ನೋಡಬೇಕು. ನೇರಬಿರಡೆಯೂ ಹಾರ್ಮನ್ನೂ ಸಾಮಾನ್ಯವಾಗಿ ಶ್ರುತಿಯನ್ನು ಏರಿಸುತ್ತವೆ. ಬಟ್ಟಲು ತೀರ ಹತ್ತಿರವಾದಾಗ ಇಳಿಯುವುದೂ ಉಂಟು. ಶ್ರುತಿಕೊಳವೆಯನ್ನು ತುಸು ಎಳೆದು ಅಥವಾ ಒತ್ತಿ ಇದನ್ನು ಸರಿಪಡಿಸಬಹುದು. ಆದರೆ ಒಂದು ಸ್ಥಾಯಿಯಲ್ಲಿ ಏರಿ ಇನ್ನೊಂದರಲ್ಲಿ ಇಳಿಯುವ ಬಿರಡೆಯನ್ನು ಯಾರೂ ಸರಿಪಡಿಸಲಾರರು. ಅದನ್ನು ಬಿಡುವುದೇ ಲೇಸು. ತಂಬೂರಿಯನ್ನು ಮೀಟಿಸಿಕೊಂಡು ಷಡ್ಜ ಪಂಚಮಗಳನ್ನು ಮೂರು ಸ್ಥಾಯಿಗಳಲ್ಲಿ ಮೆಲ್ಲಗೆ ಒಮ್ಮೆ, ಗಟ್ಟಿಯಾಗಿ ಒಮ್ಮೆ ನುಡಿಸಿದರೆ ದೋಷವು ಕೂಡಲೇ ಬಯಲಾಗುತ್ತದೆ. ನುಡಿಸುವವನ ಕಿವಿಗೂ ಸಭೆಯ ಕಿವಿಗೂ ಬಿರಡೆಯ ದನಿ ಒಂದೇ ಆಗಿರದು. ಆದುದರಿಂದ ಇನ್ನೊಬ್ಬನು ಅಂಗಣದ ಕೊನೆಯಲ್ಲಿ ನಿಂತು ಕೇಳುವುದು ಅವಶ್ಯ.

ಎರಡನೆಯದು ಬೆಂಡು. ಹೊಸ ಬೆಂಡಿನ ಪಟ್ಟಿಗಳು ದಪ್ಪವಾಗಿದ್ದರೆ ಬಿರಡೆ ಸಾಕಷ್ಟು ಒಳಹೋಗದೆ ಶ್ರುತಿ ಕೆಡುವುದು. ಮರಳುಕಾಗದದಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಿ ಹೊಂದಿಸಬೇಕು. ಅತಿಯಾಗಿ ಉಜ್ಜಿದರೆ ಸಂದು ಕಿರಿದಾಗಿ ದನಿ ಉಸಿರುಕಟ್ಟುತ್ತದೆ. ತೊಡಿಸುವ ಮುನ್ನ ಹೂಬಾಯಿಯೊಳಕ್ಕೆ ಬಿಸಿಯುಸಿರು ಬಿಟ್ಟು ತೇವಮಾಡಿ, ಬಿರಡೆಯನ್ನು ಕೊಂಚ ತಿರುಚಿ ಕೂರಿಸಿದರೆ ನಡುವೆ ಕಳಚದು. ಲೋಹದ ಬಿರಡೆಯೊಂದು ಸಭೆಯ ಮೌನದಲ್ಲಿ ನೆಲಕ್ಕುರುಳುವ ಸದ್ದು ಯಾವ ಅಪಸ್ವರಕ್ಕೂ ಕಡಮೆಯಲ್ಲ. ಬಿರಡೆಯನ್ನು ಬದಲಿಸಲು ರಚನೆಯಲ್ಲಿ ಎಷ್ಟು ಆವರ್ತಗಳ ಬಿಡುವಿದೆಯೆಂಬುದನ್ನೂ ಮೊದಲೇ ಎಣಿಸಿರಬೇಕು. ಸಂಗ್ರಹವು ಮಿತವಾಗಿರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

೭. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಬಿರಡೆಯ ಕೆಲಸ ನಾದವನ್ನು ಕೊಲ್ಲುವುದಲ್ಲ, ಅದರಲ್ಲಿ ಒಂದು ಪಾಲನ್ನು ಆರಿಸಿ ಬಿಡುವುದು. ಆದುದರಿಂದ ಬಿರಡೆಗಳ ಸಂಖ್ಯೆಯು ಅಂಗಡಿಯ ಪಟ್ಟಿಯನ್ನು ಅನುಸರಿಸದೆ ವಾದಕನಿಗೆ ಒದಗುವ ಸಂದರ್ಭಗಳನ್ನು ಅನುಸರಿಸಬೇಕು. ನಮ್ಮ ನಾಡಿನ ವಾದಕನಿಗೆ ಮೂರು ಬಿರಡೆಗಳೂ ಒಂದು ಗುಬ್ಬಟೆಯೂ ಸಾಕಾಗುತ್ತವೆ. ಇವುಗಳೊಡನೆ ಯಾವಾಗ ಬಿರಡೆಯನ್ನು ತೆಗೆದಿಡಬೇಕೆಂಬ ತಿಳಿವಳಿಕೆಯೂ ಇರಬೇಕು; ತೆರೆದ ಬಾಯಿಯ ತುತ್ತೂರಿಯ ಮೊಳಗನ್ನು ಕೇಳಿದ ಕಿವಿಗೇ ಅದರ ಪಿಸುನುಡಿಯ ಬೆಲೆ ತಿಳಿಯುವುದು.